ಕಂಬದ ದೀಪ ಹಾಕಿಸುವವರು ಬುಡ ನೋಡಿ

ನವಿ ಮುಂಬಯಿಯ ಖಾಡಿ (ಸಮುದ್ರದ ಹಿನ್ನೀರು) ಬದಿಯ ಒಂದು ಸೊಸೈಟಿ. ವಾಕಿಂಗ್ ಹಾದಿಗೆ 4 ಮೀಟರಿನ 14 ಕಂಬ, ಒಂದೊಂದಕ್ಕೂ 30 ವಾಟಿನ ಎಲ್‌ಇಡಿ. ಎರಡನೇ ಮಳೆಗಾಲದಲ್ಲಿ ಮಳೆ ಹನಿಸಿದಾಗೆಲ್ಲ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್. ದೂರಿಗೆ ಬಂದ ಗುತ್ತಿಗೆದಾರನ ಹುಡುಗ ಆರ್‌ಸಿಸಿಬಿಯನ್ನೇ ಬಿಟ್ಟು ವೈರು ಡೈರೆಕ್ಟ್ ಕೊಟ್ಟು ಹೋದ. ದೀಪ ಉರಿಯಿತು, ಕಮಿಟಿಗೂ ಸಮಾಧಾನ. ನಾಲ್ಕು ದಿನಕ್ಕೆ ಕಂಬದ ಬಳಿ ಕಾಲೆತ್ತಿದ ನಾಯಿ ಕಿರುಚಿ ಓಡಿತು. ಅದೇ ಸಂಜೆ ಒದ್ದೆ ಕೈಯಲ್ಲಿ ಕಂಬ ಹಿಡಿದ ವಾಚ್‌ಮನ್‌ಗೆ ಮೊಣಕೈವರೆಗೆ ಜುಮ್ಮೆಂದಿತು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಬದುಕಿಕೊಂಡ.

ಬುಡದ ಬಾಗಿಲು ತೆಗೆದರೆ ಒಳಗೆ ಬೆರಳುದ್ದ ನೀರು. ತಿರುಚಿ ಟೇಪು ಸುತ್ತಿದ ಜಾಯಿಂಟು, ಟೇಪಿನ ಸಂದಿಯಲ್ಲಿ ಹಸಿರು ಕಿಲುಬು. ಬಾಗಿಲು ನೆಲದಿಂದ ಗೇಣೆತ್ತರವೂ ಇಲ್ಲ. ಅರ್ಥ್ ವೈರು ಇತ್ತು, ಆದರೆ ಬಣ್ಣ ಕೆರೆಯದೆ ಅದರ ಮೇಲೇ ಬೋಲ್ಟು ಬಿಗಿದಿದ್ದರು. ಸೋರಿದ ಕರೆಂಟಿಗೆ ಭೂಮಿಗಿಳಿಯಲು ಸರಿಯಾದ ದಾರಿಯಿಲ್ಲ, ಕಡಿಯಲು ಆರ್‌ಸಿಸಿಬಿಯೂ ಇಲ್ಲ. ಮುಟ್ಟಿದವನೇ ದಾರಿ.

ಕೊಟೇಶನ್‌ನಲ್ಲಿ ದಪ್ಪಕ್ಷರದಲ್ಲಿ 'ಐಪಿ66' (ಧೂಳು, ನೀರು ಒಳನುಗ್ಗದ ದರ್ಜೆ) ಎಂದಿತ್ತು. ಅದು ಮೇಲಿನ ದೀಪಕ್ಕೆ. 12.5 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 100 ಲೀಟರ್ ನೀರು ಚಿಮ್ಮಿಸಿ ಮಾಡುವ ಪರೀಕ್ಷೆ ಅದು, ನೀರಲ್ಲಿ ಮುಳುಗಿಸುವುದಲ್ಲ. ಬುಡದ ಪೆಟ್ಟಿಗೆಗೆ ಏನು ರೇಟಿಂಗ್ ಎಂದು ಯಾರೂ ಕೇಳಿರಲಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ಹಳೆಯ ನೀರಿನ ಗೆರೆ ಎಲ್ಲಿದೆ ನೋಡಿ, ಬಾಗಿಲು ಅದಕ್ಕಿಂತ ಒಂದಡಿಯಾದರೂ ಮೇಲಿರಲಿ. ಜಾಯಿಂಟು ಟೇಪಿನಲ್ಲಿ ಬೇಡ, ಟರ್ಮಿನಲ್ ಇರುವ ಮುಚ್ಚಿದ ಪೆಟ್ಟಿಗೆ ಬೇಕು. ಕೇಬಲ್ ಗ್ಲ್ಯಾಂಡ್ (ಕೇಬಲನ್ನು ಬಿಗಿಹಿಡಿದು ಸಂದಿ ಮುಚ್ಚುವ ಬಿರಡೆ) ಮೂಲಕ ಕೆಳಗಿನಿಂದ ಒಳಬರಬೇಕು. ಕಂಬಕ್ಕೊಂದು ಸಣ್ಣ ಎಂಸಿಬಿ (ಓವರ್‌ಲೋಡ್ ಆದರೆ ತಾನೇ ಆರುವ ಸ್ವಿಚ್) ಇದ್ದರೆ ಕೆಟ್ಟ ಕಂಬ ಹುಡುಕಲು ಹದಿನಾಲ್ಕನ್ನೂ ಬಿಚ್ಚಬೇಕಿಲ್ಲ.

ಒಂದೇ ಆರ್‌ಸಿಸಿಬಿಗೆ 14 ದೀಪ ಕಟ್ಟಿದ್ದೂ ತಪ್ಪೇ. ಎಲ್‌ಇಡಿಗೆ ಕರೆಂಟ್ ಹದಮಾಡಿ ಕೊಡುವ ಸಾಧನ ಡ್ರೈವರ್; ಒಳ್ಳೆಯ ಡ್ರೈವರಿನಿಂದಲೂ ಒಂದು ಮಿಲಿಆಂಪಿನ ಆಸುಪಾಸು ಸೋರಿಕೆ ಇರಬಹುದು. 30 ಮಿಲಿಆಂಪಿನ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಹದಿನಾಲ್ಕನ್ನು ಕೂಡಿಸಿ, ಮೇಲೆ ಸ್ವಲ್ಪ ತೇವ ಸೇರಿಸಿ: ಕತ್ತಲೆ. ನಾಲ್ಕೈದರಂತೆ ಮೂರು ಸರ್ಕ್ಯೂಟ್ ಮಾಡಿ ಒಂದೊಂದಕ್ಕೂ ಆರ್‌ಸಿಸಿಬಿ ಹಾಕಿದ್ದರೆ 'ಡೈರೆಕ್ಟ್' ಕೊಡುವ ಆಸೆಯೇ ಹುಟ್ಟುತ್ತಿರಲಿಲ್ಲ.

ಬಿಲ್ ಪಾಸ್ ಮಾಡುವ ಮುನ್ನ ಎರಡು ಅಳತೆ ನಿಮ್ಮ ಕಣ್ಣೆದುರೇ ಆಗಲಿ. ಮೊದಲು ಸಪ್ಲೈ ತೆಗೆದು, ಡ್ರೈವರ್ ಮತ್ತು ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರ್ ಏರಿದರೆ ಕಾಯುವ ಸಾಧನ) ಬಿಚ್ಚಿ, 500 ವೋಲ್ಟಿನ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಮೀಟರ್): ಫೇಸ್-ನ್ಯೂಟ್ರಲ್ ಜೋಡಿಸಿ ಅರ್ಥ್‌ಗೆ ಹಿಡಿದರೆ 1 ಮೆಗಾಓಮ್‌ಗಿಂತ ಕಡಿಮೆ ಬರಕೂಡದು. ಬಿಚ್ಚದೆ ಹಿಡಿದರೆ ಸುಳ್ಳು ಲೆಕ್ಕ ಬರಬಹುದು, ಡ್ರೈವರೂ ಹಾಳಾಗಬಹುದು. ಆಮೇಲೆ ಪ್ರತಿ ಕಂಬದ ಮೈಯಿಂದ ಮುಖ್ಯ ಅರ್ಥ್ ಪಟ್ಟಿಗೆ ರೋಧ ಅಳೆಯಲಿ, ಒಂದು ಓಮಿನೊಳಗೆ ಬರಬೇಕು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ತಿಳಿಯುವುದು ಆರ್‌ಸಿಸಿಬಿಯ ಆರೋಗ್ಯ ಮಾತ್ರ, ಅರ್ಥಿಂಗ್‌ನದ್ದಲ್ಲ.

ಖಾಡಿಯ ಉಪ್ಪುಗಾಳಿಗೆ ಬೆಳ್ಳಿ ಬಣ್ಣ ಬಳಿದ ಕಂಬ ತಡೆಯದು. ನಾಣ್ಯದಿಂದ ಗೀರಿದರೆ ಬಣ್ಣ ಎದ್ದು ಬರುತ್ತದೆ, ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಲೇಪ ಹಾಗೆ ಏಳುವುದಿಲ್ಲ. 4 ಮಿ.ಮೀ. ದಪ್ಪದ ಕಂಬಕ್ಕೆ ಸತು ಲೇಪದ ಮಾನದಂಡ ಐಎಸ್‌ಒ 1461 ಕೇಳುವುದು ಸರಾಸರಿ 70 ಮೈಕ್ರಾನ್. ಬಾಗಿಲು, ಅರ್ಥ್ ಬೋಲ್ಟಿನ ತೂತು ಎಲ್ಲ ಅದ್ದುವ ಮೊದಲೇ ಆಗಿರಬೇಕು. ಸೈಟಿನಲ್ಲಿ ಡ್ರಿಲ್ ಹಿಡಿದು ಬಂದವನನ್ನು ಗೇಟಿನಲ್ಲೇ ನಿಲ್ಲಿಸಿ.