ಏರ್ ರೈಫಲ್ ಮನೆಯಲ್ಲೇ ಜೋಡಿಸಲು ಯಾವ ಟೂಲ್ಸ್? ಬಳಸಿ ನೋಡಿದ ಮೇಲೊಂದು ಹೋಲಿಕೆ

10 ಮೀಟರ್ ಏರ್ ರೈಫಲ್ ಶೂಟಿಂಗ್ ಮಾಡುವವರಿಗೆ ರೈಫಲ್ ಬಿಚ್ಚಿ ಮತ್ತೆ ಜೋಡಿಸುವುದು ತಪ್ಪದ ಕೆಲಸ. ಬೇರೆ ಊರಿಗೆ ಸ್ಪರ್ಧೆಗೆ ಹೊರಟರೆ ಬಟ್ ಪ್ಲೇಟ್ (ಭುಜಕ್ಕೆ ಒರಗುವ ಹಿಂಬದಿಯ ತಟ್ಟೆ), ಸೈಟ್ (ಗುರಿ ನೋಡುವ ಭಾಗ), ಗಾಳಿಯ ಸಿಲಿಂಡರ್ ಬಿಚ್ಚಿ ಪೆಟ್ಟಿಗೆಗೆ ಹಾಕಬೇಕು. ಸ್ಟಾಕ್ (ಕೈಯಲ್ಲಿ ಹಿಡಿಯುವ ಚೌಕಟ್ಟು) ಬದಲಿಸಿದರೆ ಬ್ಯಾರಲ್ (ನಳಿಗೆ) ಸಮೇತ ಆ್ಯಕ್ಷನ್ (ಗುಂಡು ಹಾರಿಸುವ ಯಂತ್ರಭಾಗ) ಹೊರಗೆ ತೆಗೆಯಬೇಕು. ಬೆಳೆಯುವ ಮಕ್ಕಳ ರೈಫಲ್ ಆದರಂತೂ ಕೈ ಉದ್ದವಾದ ಹಾಗೆಲ್ಲ ಬಟ್ ಪ್ಲೇಟ್ ಹಿಂದಕ್ಕೆ ಸರಿಸುತ್ತಲೇ ಇರಬೇಕು.

ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡಿನ ಅಗಲವೇ 4.5 ಮಿಲಿಮೀಟರ್. ಇಷ್ಟು ಸೂಕ್ಷ್ಮದ ಆಟದಲ್ಲಿ ಒಂದು ಸ್ಕ್ರೂ ಸ್ವಲ್ಪ ಸಡಿಲವಾದರೂ ಪೆಲೆಟ್ ಬೀಳುವ ಜಾಗ ಬದಲಾಗುತ್ತದೆ. ಹಾಗಾಗಿ ಟೂಲ್‌ನಿಂದ ನನಗೆ ಬೇಕಾದ್ದು ಒಂದೇ: ಬಿಚ್ಚುವ ಮೊದಲು ರೈಫಲ್ ಹೇಗಿತ್ತೋ, ಜೋಡಿಸಿದ ಮೇಲೂ ಹಾಗೇ ಇರಬೇಕು. ಎಷ್ಟು ಜೋರಾಗಿ ತಿರುಗಿಸುತ್ತದೆ ಅನ್ನುವುದಕ್ಕಿಂತ, ಎಷ್ಟು ತಿರುಗಿಸಿದೆ ಅಂತ ಸರಿಯಾಗಿ ಹೇಳುವ ಟೂಲ್‌ಗೆ ನಾನು ದುಡ್ಡು ಹಾಕುತ್ತೇನೆ.

ಇಲ್ಲಿ ಹೇಳುವುದೆಲ್ಲ ವಾಲ್ಟರ್, ಫೈನ್‌ವೆರ್ಕ್‌ಬೌ ತರಹದ, ಸಿಲಿಂಡರ್‌ನಲ್ಲಿ ಗಾಳಿ ತುಂಬುವ ಮ್ಯಾಚ್ ರೈಫಲ್‌ಗೆ ಮಾತ್ರ. ಲೈಸೆನ್ಸ್ ಬೇಕಾದ ಬಂದೂಕಿದ್ದರೆ ಅದನ್ನು ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಕೈಗೇ ಕೊಡಿ. ಏರ್ ರೈಫಲ್ ಆದರೂ ಟೂಲ್ ಮುಟ್ಟುವ ಮೊದಲು ಸಿಲಿಂಡರ್ ಬಿಚ್ಚಿಡಬೇಕು, ಬ್ಯಾರಲ್ ಖಾಲಿ ಇದೆಯೇ ಅಂತ ಕಣ್ಣಾರೆ ನೋಡಬೇಕು, ಸೇಫ್ಟಿ ಫ್ಲ್ಯಾಗ್ (ಬ್ಯಾರಲ್ ಖಾಲಿ ಅಂತ ತೋರಿಸಲು ಒಳಗೆ ತೂರಿಸುವ ಬಣ್ಣದ ದಾರ) ಹಾಕಬೇಕು. 200 ಬಾರ್ ಒತ್ತಡದ ಗಾಳಿ ಅಂದರೆ ಆಟದ ಮಾತಲ್ಲ.

ಮೊದಲು ಅಲೆನ್ ಕೀ, ಅಂದರೆ ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಸ್ಕ್ರೂ ತಿರುಗಿಸುವ ಕಡ್ಡಿ. ಮ್ಯಾಚ್ ರೈಫಲ್‌ನ ಹೆಚ್ಚಿನ ಸ್ಕ್ರೂಗಳು ಅಲೆನ್ ತಲೆಯವು, ಅಳತೆ ಮಿಲಿಮೀಟರ್‌ನಲ್ಲಿ. ನಾನು ಬಳಸಿದ್ದು ಮೂರು ಬಗೆ: ಟಪಾರಿಯಾ ಕಂಪನಿಯ ಸಾಮಾನ್ಯ ಎಲ್ ಕೀ ಸೆಟ್, ಗುಂಡು ತುದಿಯ ಎಲ್ ಕೀ, ಟಿ ಹ್ಯಾಂಡಲ್ ಕೀ. ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದರೆ ಮೂರೂ ಸಿಗುತ್ತವೆ.

ಗುಂಡು ತುದಿಯದು ಕೈಗೆ ತುಂಬಾ ಹಿತ. ಓರೆಯಾಗಿ ಹಿಡಿದರೂ ತಿರುಗುತ್ತದೆ. ಚೀಕ್ ಪೀಸ್ (ಕೆನ್ನೆ ಒರಗಿಸುವ ಭಾಗ) ಕೆಳಗಿನ ಇಕ್ಕಟ್ಟಿನ ಸ್ಕ್ರೂಗೆ ಇದನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲ ಅನ್ನಿಸುತ್ತದೆ. ಆದರೆ ಆ ತುದಿ ಸ್ಕ್ರೂ ಒಳಗೆ ಮುಟ್ಟುವ ಜಾಗ ಕಡಿಮೆ. ಕೊನೆಯ ಬಿಗಿ ಇದರಲ್ಲಿ ಕೊಟ್ಟರೆ ಸ್ಕ್ರೂ ತಲೆಯ ಮೂಲೆಗಳು ಸವೆಯುತ್ತವೆ. ಬೇಗ ಬಿಚ್ಚಲು, ಬೇಗ ಕೂರಿಸಲು ಮಾತ್ರ ಸರಿ. ಟಿ ಹ್ಯಾಂಡಲ್ ಉದ್ದವಾಗಿರುವುದರಿಂದ ಸ್ಟಾಕ್ ಒಳಗೆ ಆಳದಲ್ಲಿರುವ ಆ್ಯಕ್ಷನ್ ಸ್ಕ್ರೂಗೆ ಚೆನ್ನಾಗಿ ಎಟುಕುತ್ತದೆ. ಒಂದೇ ತೊಂದರೆ, ಎರಡು ಬೆರಳಲ್ಲಿ ಹಿಡಿದರೂ ಅದರಲ್ಲಿ ಬಲ ಜಾಸ್ತಿ ಬೀಳುತ್ತದೆ. ಅಲ್ಯೂಮಿನಿಯಂ ಭಾಗದ ಒಳಗಿನ ಥ್ರೆಡ್ (ಸ್ಕ್ರೂ ಕೂರುವ ಸುರುಳಿ ಗೆರೆ) ಕಿತ್ತುಬರಲು ಅಷ್ಟು ಸಾಕು. ಹಾಗಾಗಿ ನನ್ನ ಪೆಟ್ಟಿಗೆಯಲ್ಲಿ ಸಾದಾ ಎಲ್ ಕೀಗೇ ಮೊದಲ ಜಾಗ. ಬೆಲೆಯೂ ಕಡಿಮೆ. ತುದಿ ಸವೆದರೆ ಅಷ್ಟು ತುಂಡನ್ನು ನೇರವಾಗಿ ಕತ್ತರಿಸಿ ಉಜ್ಜಿಕೊಂಡರೆ ಮತ್ತೆ ಹೊಸದೇ.

ಇಂಚಿನ ಸೆಟ್ ಯಾರಾದರೂ ಸುಮ್ನೆ ಕೊಟ್ಟರೂ ಈ ಕೆಲಸಕ್ಕೆ ಬೇಡ. 5/32 ಇಂಚು ಅಂದರೆ 3.97 ಮಿಲಿಮೀಟರ್, 4ರ ಸ್ಕ್ರೂನಲ್ಲಿ ಹೇಗೋ ಕೂರುತ್ತದೆ. ಅದೇ ಧೈರ್ಯದಲ್ಲಿ 3/16 ಇಂಚಿನದನ್ನು 5ರ ಸ್ಕ್ರೂಗೆ ಹಾಕಿದರೆ ಅದು 4.76 ಮಾತ್ರ. ಒಳಗೆ ಅಲ್ಲಾಡುತ್ತದೆ, ಸ್ಕ್ರೂ ತಲೆ ಹಾಳಾಗುತ್ತದೆ.

ಈಗ ನಿಜವಾದ ಖರ್ಚಿನ ವಿಷಯ, ಟಾರ್ಕ್ ವ್ರೆಂಚ್, ಅಂದರೆ ತಿರುಗಿಸುವ ಬಲ (ಟಾರ್ಕ್) ಅಳೆದು ಬಿಗಿ ಮಾಡುವ ಟೂಲ್. ಬ್ಯಾರಲ್ ಮತ್ತು ಆ್ಯಕ್ಷನ್ ಅನ್ನು ಸ್ಟಾಕ್‌ಗೆ ಹಿಡಿದಿಡುವ ಸ್ಕ್ರೂಗಳ ಬಿಗಿ ಪ್ರತಿ ಸಲ ಒಂದೇ ಇರಬೇಕು. ಎಷ್ಟು ಇರಬೇಕು ಅಂತ ಕಂಪನಿಯ ಪುಸ್ತಕದಲ್ಲಿ ನ್ಯೂಟನ್ ಮೀಟರ್ (ಟಾರ್ಕ್ ಅಳತೆ) ಲೆಕ್ಕದಲ್ಲಿ ಇದ್ದರೆ ಅದೇ ಕೊನೆಯ ಮಾತು. ನಮ್ಮ ಹಳೇ ಶೂಟರ್‌ಗಳು ಕೈ ಅಂದಾಜಿನಲ್ಲೇ ಬಿಗಿ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಅವರ ಅನುಭವದ ಮೇಲೆ ನನಗೆ ಗೌರವವಿದೆ. ಆದರೆ ಬೆಳಗಿನ ಕೈ, ದಣಿದ ಸಂಜೆಯ ಕೈ ಎರಡೂ ಒಂದೇ ಅಲ್ಲ, ಅಲ್ವಾ? ಅದರ ಮೇಲೆ ಎಲ್ ಕೀ ಉದ್ದ ಬದಲಾದರೆ ಅಂದಾಜೇ ತಪ್ಪುತ್ತದೆ.

ಕಾರಿನ ಚಕ್ರಕ್ಕೆ ಬಳಸುವ ದೊಡ್ಡ ವ್ರೆಂಚ್ ಇಲ್ಲಿ ನಡೆಯುವುದಿಲ್ಲ. ಅದರ ಅಳತೆ ಶುರುವಾಗುವುದೇ ನಮಗೆ ಬೇಕಾದ್ದಕ್ಕಿಂತ ಎಷ್ಟೋ ಮೇಲೆ. ಸೈಕಲ್ ರಿಪೇರಿಗೆ ಸಿಗುವ ಸಣ್ಣ ವ್ರೆಂಚ್‌ಗಳೇ ನಮಗೆ ಸರಿ. ಅವುಗಳಲ್ಲಿ ಟಕ್ ಅಂತ ಸದ್ದು ಮಾಡುವ ಕ್ಲಿಕ್ ವ್ರೆಂಚ್, ಮುಳ್ಳು ತೋರಿಸುವ ಬೀಮ್ ವ್ರೆಂಚ್, 5 ನ್ಯೂಟನ್ ಮೀಟರ್‌ಗೆ ಮೊದಲೇ ಕಟ್ಟಿಟ್ಟ ಟಾರ್ಕ್ ಕೀ, ಈ ಮೂರನ್ನೂ ಬಳಸಿದ್ದೇನೆ.

ಕ್ಲಿಕ್ ವ್ರೆಂಚ್ ಬೇಗ ಕೆಲಸ ಮುಗಿಸುತ್ತದೆ. ಕಣ್ಣಿಗೆ ಕಾಣದ ಜಾಗದಲ್ಲೂ ಸದ್ದು ಕೇಳಿದರೆ ಸಾಕು. ಆದರೆ ಅದರ ಅಳತೆಯ ಕೆಳತುದಿಯಲ್ಲಿ ನಂಬಿಕೆ ಕಡಿಮೆ. 2ರಿಂದ 24 ನ್ಯೂಟನ್ ಮೀಟರ್‌ವರೆಗಿನ ವ್ರೆಂಚ್‌ನಲ್ಲಿ 2 ಅಥವಾ 3ಕ್ಕೆ ಇಟ್ಟರೆ ಕ್ಲಿಕ್ ಎಷ್ಟು ಮೆತ್ತಗೆ ಅಂದರೆ ಗೊತ್ತಾಗುವ ಮೊದಲೇ ಮುಂದೆ ತಿರುಗಿಸಿರುತ್ತೇವೆ. ಕೆಲಸವಾದ ಮೇಲೆ ಒಳಗಿನ ಸ್ಪ್ರಿಂಗ್ ಅನ್ನು ಕಡಿಮೆ ಅಂಕಿಗೆ ಇಳಿಸಿಡುವುದನ್ನೂ ಮರೆಯಬಾರದು.

ಬೀಮ್ ವ್ರೆಂಚ್‌ನಲ್ಲಿ ಸ್ಪ್ರಿಂಗೂ ಇಲ್ಲ, ಕ್ಲಿಕ್ಕೂ ಇಲ್ಲ. ಬಾಗುವ ಒಂದು ಕಂಬಿ, ನೆಟ್ಟಗೆ ನಿಂತ ಒಂದು ಮುಳ್ಳು, ಅಷ್ಟೇ. ಕೆಡಲು ಏನೂ ಇಲ್ಲ. ಮುಳ್ಳು ಸೊನ್ನೆಯ ಮೇಲೆ ನಿಂತಿದೆಯೇ ಅಂತ ಒಮ್ಮೆ ನೋಡಿಕೊಂಡರೆ ವರ್ಷಗಟ್ಟಲೆ ನಡೆಯುತ್ತದೆ. ಮೇಲಿನಿಂದ ನೇರವಾಗಿ ನೋಡಿ ಓದಬೇಕು, ಅದೇ ಸ್ವಲ್ಪ ಕಷ್ಟ. ಮನೆಯ ಮೇಜಿನ ಮೇಲೆ, ಒಳ್ಳೆ ಬೆಳಕಲ್ಲಿ, ಸಮಯ ತೆಗೆದುಕೊಂಡು ಮಾಡುವ ಕೆಲಸಕ್ಕೆ ನನ್ನ ಆಯ್ಕೆ ಇದೇ. 5ರ ಟಾರ್ಕ್ ಕೀ ಪ್ರಯಾಣಕ್ಕೆ ಚೆನ್ನ, ಜೇಬಲ್ಲೇ ಹಿಡಿಯುತ್ತದೆ. ನಿಮ್ಮ ರೈಫಲ್‌ಗೆ ಬೇಕಾದ ಅಂಕಿ ಬೇರೆಯಾದರೆ ಮಾತ್ರ ಅದು ಪೂರ್ತಿ ದಂಡ, ಹಾಗಾಗಿ ಪುಸ್ತಕ ನೋಡದೆ ಕೊಳ್ಳಬೇಡಿ.

ಯಾವ ವ್ರೆಂಚ್ ಆದರೂ ಮುಂಭಾಗದ ಸ್ಕ್ರೂ ಪೂರ್ತಿ ಬಿಗಿ ಮಾಡಿ ಆಮೇಲೆ ಹಿಂಭಾಗದ್ದಕ್ಕೆ ಹೋಗಬಾರದು. ಅದಕ್ಕೆ ಸ್ವಲ್ಪ, ಇದಕ್ಕೆ ಸ್ವಲ್ಪ ಅಂತ ಸರದಿಯಲ್ಲಿ ಬಿಗಿ ಮಾಡಿದರೆ ಆ್ಯಕ್ಷನ್ ಸ್ಟಾಕ್‌ನಲ್ಲಿ ಸಮನಾಗಿ ಕೂರುತ್ತದೆ.

ಸ್ಕ್ರೂ ತಾನಾಗಿ ಸಡಿಲವಾಗದ ಹಾಗೆ ಕೆಲವರು ಲಾಕ್‌ಟೈಟ್ ಅನ್ನುವ ಅಂಟು ಹಾಕುತ್ತಾರೆ. ಪದೇ ಪದೇ ಬಿಚ್ಚುವ ಸ್ಕ್ರೂಗೆ ನಾನು ಹಾಕುವುದಿಲ್ಲ. ಹಸಿ ಲಾಕ್‌ಟೈಟ್ ಥ್ರೆಡ್ ಅನ್ನು ಜಾರಿಸುವುದರಿಂದ ಟಾರ್ಕ್ ಲೆಕ್ಕವೂ ಬದಲಾಗುತ್ತದೆ. ಅದಕ್ಕಿಂತ ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಸರಿದಿದ್ದರೆ ಸ್ಕ್ರೂ ಅಲುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಬಟ್ ಪ್ಲೇಟ್, ಚೀಕ್ ಪೀಸ್ ಎಲ್ಲಿದ್ದವು ಅಂತ ಗುರುತು ಮಾಡಲು ಸ್ಟೀಲ್ ಸ್ಕೇಲ್ ಇಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೆದರೆ ಸಾಕು.

ರೈಫಲ್ ಹಿಡಿದು ನಿಲ್ಲಿಸಲು ಏನು ಬೇಕು? ವರ್ಕ್‌ಶಾಪ್‌ನ ಕಬ್ಬಿಣದ ವೈಸ್‌ಗೆ (ವಸ್ತುವನ್ನು ಕಚ್ಚಿ ಹಿಡಿಯುವ ಸಾಧನ) ಚರ್ಮದ ತುಂಡು ಇಟ್ಟು ನೋಡಿದ್ದೇನೆ. ಹಿಡಿತ ಗಟ್ಟಿ, ಆದರೆ ಎಷ್ಟು ಒತ್ತುತ್ತಿದೆ ಅಂತ ತಿಳಿಯುವುದಿಲ್ಲ. ಬ್ಯಾರಲ್ ಅನ್ನಾಗಲಿ ಸಿಲಿಂಡರ್ ಅನ್ನಾಗಲಿ ವೈಸ್‌ಗೆ ಕೊಡಲೇಬಾರದು. ಫೋಮ್ ಹಾಕಿದ ಪ್ಲಾಸ್ಟಿಕ್ ಕ್ರೇಡಲ್ (ರೈಫಲ್ ಕೂರಿಸುವ ತೊಟ್ಟಿಲು) ಹಗುರ, ಸ್ಟಾಕ್‌ಗೆ ಗೀರು ಬೀಳುವುದಿಲ್ಲ. 5 ನ್ಯೂಟನ್ ಮೀಟರ್ ಸುತ್ತಿನ ಕೆಲಸಕ್ಕೆ ಇದಕ್ಕಿಂತ ಗಟ್ಟಿ ಹಿಡಿತ ಬೇಕಿಲ್ಲ.

ಕೊನೆಗೆ ಬ್ಯಾರಲ್ ಶುಚಿ ಮಾಡುವುದು. ಏರ್ ರೈಫಲ್‌ನಲ್ಲಿ ಮದ್ದಿನ ಮಸಿ ಇರುವುದಿಲ್ಲ, ಸೀಸದ ಪುಡಿ ಮಾತ್ರ. ಹಾಗಾಗಿ ಉಕ್ಕಿನ ಕಡ್ಡಿ, ಹಿತ್ತಾಳೆ ಬ್ರಷ್ ಯಾವುದೂ ಬೇಡ. ಕಡ್ಡಿ ಬ್ಯಾರಲ್‌ನ ತುದಿಗೆ ಒಮ್ಮೆ ತಾಗಿ ಗೀರು ಬಿದ್ದರೆ ಸರಿಪಡಿಸುವುದು ಕಷ್ಟ. ಫೆಲ್ಟ್ ಪೆಲೆಟ್‌ಗಳನ್ನು (ಒತ್ತಿದ ಉಣ್ಣೆಯ ಸಣ್ಣ ಉಂಡೆಗಳು) ಎರಡು ಮೂರು ಸೇರಿಸಿ ಗಾಳಿಯಲ್ಲೇ ಹಾರಿಸುವುದು ಬಹಳ ಸುಲಭ, ರೇಂಜ್‌ನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಸ್ಪ್ರಿಂಗ್ ಬಲದಿಂದ ಪಿಸ್ಟನ್ ತಳ್ಳಿ ಹಾರಿಸುವ ರೈಫಲ್‌ನಲ್ಲಿ ಮಾತ್ರ ಹಾಗೆ ಹಾರಿಸಬೇಡಿ, ಫೆಲ್ಟ್ ತೀರಾ ಹಗುರವಾದ್ದರಿಂದ ಪಿಸ್ಟನ್ ಹೋಗಿ ಬಡಿಯುತ್ತದೆ. ಮನೆಯಲ್ಲಿ ನಾನು ಬಳಸುವುದು ನೈಲಾನ್ ದಾರದ ಪುಲ್ ಥ್ರೂ. ತುದಿಗೆ ಹಳೇ ಬನಿಯನ್ ಬಟ್ಟೆಯ ಸಣ್ಣ ಚೂರು ಸಿಕ್ಕಿಸಿ, ಪೆಲೆಟ್ ಹಾಕುವ ಕಡೆಯಿಂದ ಮುಂದಕ್ಕೆ ಎಳೆಯುತ್ತೇನೆ. ಫೆಲ್ಟ್‌ಗಿಂತ ನಿಧಾನ, ಆದರೆ ಬಟ್ಟೆಯ ಮೇಲೆ ಎಷ್ಟು ಕಪ್ಪು ಬಂತು ಅಂತ ಕಾಣುತ್ತದೆ. ಬಟ್ಟೆ ಬೆಳ್ಳಗೆ ಬಂದರೆ ಅಲ್ಲಿಗೇ ನಿಲ್ಲಿಸಬಹುದು. ಎಣ್ಣೆ ಹಚ್ಚುವುದಿಲ್ಲ. ರಬ್ಬರ್ ಓ ರಿಂಗ್‌ಗಳಿಗೆ (ಗಾಳಿ ಸೋರದಂತೆ ತಡೆಯುವ ಬಳೆಗಳು) ಮಾತ್ರ ಚೂರು ಸಿಲಿಕೋನ್ ಗ್ರೀಸ್.