ಬೆಳಕೆಲ್ಲ ಸರಿ, ಬ್ರೆಡ್ಡೊಂದೇ ತಕರಾರು: ಬ್ಲೆಂಡರ್ ಜೊತೆ ಕೆಲವು ವರ್ಷ

ಬ್ಲೆಂಡರ್ ಎಂದರೆ ಕಂಪ್ಯೂಟರಿನಲ್ಲಿ ಮೂರು ಆಯಾಮದ ದೃಶ್ಯ ಕಟ್ಟುವ ತಂತ್ರಾಂಶ; ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇದೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಇಷ್ಟು ವರ್ಷ ಬಳಸಿದ ಮೇಲೂ ನನ್ನಲ್ಲಿ ಉಳಿದಿರುವ ತಕರಾರು ಒಂದು ಬುಟ್ಟಿ ಬ್ರೆಡ್ಡಿನದು.

ಹಳೆಯ ವರ್ಣಚಿತ್ರಗಳಲ್ಲಿನ ಕೋಣೆಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ, ಅದೇ ಕಿಟಕಿಯಿಂದ ಬೆಳಕು ಬಿಟ್ಟು ನೋಡುವುದು ನನ್ನ ಹವ್ಯಾಸ. ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿದು ಕೂರಿಸಿದ್ದು ಡೆಲ್ಫ್ಟ್ ನಗರದ ವರ್ಮೀರ್ 1660ರ ಆಸುಪಾಸಿನಲ್ಲಿ ಬರೆದ ಚಿತ್ರ, ಹಾಲು ಸುರಿಯುತ್ತಿರುವ ಅಡುಗೆಯ ಹೆಂಗಸು. ಮೂಲಚಿತ್ರ ಆಮ್ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಎತ್ತರ, ಅಗಲ ಎರಡೂ ಅರ್ಧ ಮೀಟರಿಗಿಂತ ಕಡಿಮೆ. ಆದರೆ ಮ್ಯೂಸಿಯಂ ಕಾಸು ಕೇಳದೆ ಕೊಡುವ ದೊಡ್ಡ ಪ್ರತಿಯನ್ನು ಹಿಗ್ಗಿಸಿ ನೋಡಿದರೆ ಗೋಡೆಗೆ ಹೊಡೆದ ಮೊಳೆ, ಅದರ ಕಿರಿದಾದ ನೆರಳು, ಮೊಳೆ ಕಿತ್ತ ತೂತು, ಎಲ್ಲವೂ ಕಾಣುತ್ತವೆ.

ರಾತ್ರಿ ಅಡುಗೆ ಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿದ ಮೇಲೆ ನನ್ನ ಲ್ಯಾಪ್‌ಟಾಪ್ ತೆರೆಯುತ್ತದೆ. ಕಿಟಕಿಯಾಚೆಯ ದೀಪವನ್ನು ಒಂದಿಷ್ಟು ಆಚೀಚೆ ಸರಿಸಿ ಚಿಕ್ಕ ಗಾತ್ರದ ರೆಂಡರ್, ಅಂದರೆ ಕಟ್ಟಿದ ಕೋಣೆಯನ್ನು ಲೆಕ್ಕ ಹಾಕಿ ಚಿತ್ರವಾಗಿಸುವ ಕೆಲಸ, ಹಚ್ಚುತ್ತೇನೆ. ಮೊದಲು ಕೋಣೆಯ ತುಂಬ ರವೆ ಚೆಲ್ಲಿದಂತೆ ಬರೀ ಚುಕ್ಕೆ. ನೋಡನೋಡುತ್ತ ಹೆಂಗಸಿನ ಹಣೆ ತಿಳಿಯಾಗುತ್ತದೆ, ಗೋಡೆಗೆ ತೂಗುಹಾಕಿದ ಹಿತ್ತಾಳೆಯ ಪಾತ್ರೆ ಮಿನುಗುತ್ತದೆ. ಮೇಜಿನ ಕೆಳಗಿನ ಕತ್ತಲು ಮಾತ್ರ ಕೊನೆಯವರೆಗೂ ಸತಾಯಿಸುತ್ತದೆ. ಸರಿ ಅನಿಸಿದರೆ ದೊಡ್ಡ ರೆಂಡರಿಗೆ ಹಚ್ಚಿ ಮಲಗುತ್ತೇನೆ. ಬೆಳಿಗ್ಗೆ ಕಾಫಿ ಕೈಗೆ ಬರುವ ತನಕ ಪರದೆ ತೆರೆಯುವುದಿಲ್ಲ. ಮನೆಯವರಿಗೆ ಇದು ತಮಾಷೆ.

ಬೆಳಕಿನ ವಿಷಯದಲ್ಲಿ ಬ್ಲೆಂಡರಿನ ಸೈಕಲ್ಸ್ ಎಂಜಿನ್ನಿಗೆ ನಾನು ಸೋತಿದ್ದೇನೆ. ಒಂದೊಂದು ಕಿರಣವೂ ಎಲ್ಲೆಲ್ಲಿ ಬಡಿದು ಎತ್ತ ಚಿಮ್ಮುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ಈ ಚಿತ್ರದಲ್ಲಿ ಕಿಟಕಿಗೆ ಅಂಟಿಕೊಂಡ ಮೂಲೆಯಲ್ಲಿ ಗೋಡೆ ಮಸುಕು. ಬಲಕ್ಕೆ ಸರಿದಂತೆಲ್ಲ ಬೆಳಗುತ್ತ ಹೋಗುತ್ತದೆ. ಅದಕ್ಕೇ ಹೆಂಗಸಿನ ಬೆಳಗಿದ ಮಗ್ಗುಲ ಹಿಂದೆ ಮಸುಕು ಗೋಡೆ, ನೆರಳಿನ ಮಗ್ಗುಲ ಹಿಂದೆ ಬೆಳಕಿನ ಗೋಡೆ. ಇದು ಕಲಾವಿದನ ಜಾಣತನ ಎಂದುಕೊಂಡಿದ್ದೆ. ಕಿಟಕಿಯಾಚೆ ಒಂದೇ ಒಂದು ದೀಪ ಇಟ್ಟರೆ ಗೋಡೆ ತಾನಾಗಿ ಹಾಗೆಯೇ ಬಂತು. ಅಂದಿನ ಖುಷಿಯಲ್ಲಿ ತಂತ್ರಾಂಶಕ್ಕೆ ಕೈಮುಗಿಯುವುದೊಂದು ಬಾಕಿಯಿತ್ತು.

ಹಾಲಿನ ಧಾರೆಗೆ ದ್ರವ ಹರಿಯುವ ಲೆಕ್ಕವೂ ಬ್ಲೆಂಡರಿನಲ್ಲಿದೆ. ನನ್ನ ಸಾಧಾರಣ ಲ್ಯಾಪ್‌ಟಾಪಿಗೆ ಆ ಭಾರ ಹೊರಿಸಲು ಮನಸ್ಸು ಬರಲಿಲ್ಲ. ಮನೆಯ ಹಾಲಿನ ಪಾತ್ರೆಯನ್ನೇ ಮೆಲ್ಲಗೆ ಬಗ್ಗಿಸಿ ನೋಡಿದೆ: ಅಂಚಿನಲ್ಲಿ ಪಟ್ಟಿಯಂತೆ ಅಗಲವಾಗಿರುವ ಧಾರೆ ಇಳಿಯುತ್ತ ಸಣ್ಣಗಾಗಿ, ನಡುವೆ ಒಮ್ಮೆ ಹೊರಳುತ್ತದೆ. ಅದನ್ನು ನೋಡಿಕೊಂಡು ಕೈಯಲ್ಲೇ ರೂಪಿಸಿದೆ.

ಇನ್ನು ಬ್ರೆಡ್ಡು. ವರ್ಮೀರ್ ಬುಟ್ಟಿಯ ಬ್ರೆಡ್ಡುಗಳ ಮೇಲೆ ಮುತ್ತು ಪೋಣಿಸಿದ ಹಾಗೆ ಹೊಳೆಯುವ ಬಣ್ಣದ ಚುಕ್ಕೆಗಳನ್ನಿಟ್ಟಿದ್ದಾನೆ. ಒಣ ಬ್ರೆಡ್ಡು ಹಾಗೆ ಹೊಳೆಯುವುದುಂಟೇ? ಒರಟು ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಅಲ್ಲಿ ಮಿಂಚು ಹುಟ್ಟುವುದಿಲ್ಲ. ತಂತ್ರಾಂಶ ಆ ನಿಯಮವನ್ನು ಒಂದಿಷ್ಟೂ ಮೀರುವುದಿಲ್ಲ. ಒರಟುತನ ತಗ್ಗಿಸಿದರೆ ಇಡೀ ಬ್ರೆಡ್ಡು ಮೆರುಗೆಣ್ಣೆ ಬಳಿದ ಕುರ್ಚಿಯ ಕಾಲಾಗುತ್ತದೆ. ತಿಂಗಳುಗಟ್ಟಲೆ ಈ ಬುಟ್ಟಿಯೊಂದಿಗೆ ಗುದ್ದಾಡಿದ್ದೇನೆ. ಚುಕ್ಕೆ ಅಳಿಸುವ ಡಿನಾಯ್ಸರ್ ಬೇರೆ, ಗೋಡೆಯ ಮೊಳೆಯ ನೆರಳನ್ನೂ ಕೊಳೆ ಎಂದು ತಿಳಿದು ಒರೆಸಿಹಾಕುತ್ತದೆ. ಅದರ ಕೆಲಸವೇ ಒರೆಸುವುದು, ನಿಜ. ಆದರೂ ಆ ಮೊಳೆಗಾಗಿಯೇ ಕೂತವಳಿಗೆ ಸಿಟ್ಟು ಬಾರದೇ? ಸಾಲದ್ದಕ್ಕೆ, ಆನ್‌ಲೈನ್ ಅಂಗಡಿಯೊಂದರಿಂದ ದುಡ್ಡು ಕೊಟ್ಟು ತರಿಸಿದ ಬೆತ್ತದ ಬುಟ್ಟಿಯ ಮಾದರಿ ಬೆತ್ತದ ಚಿತ್ರ ಅಂಟಿಸಿದ ಬರೀ ಡಬ್ಬಿ. ಹಣ ವಾಪಸ್ ಬರಲಿಲ್ಲ.

ಇಲ್ಲಿಗೆ ಬಿಟ್ಟುಬಿಡುತ್ತಿದ್ದೆನೋ ಏನೋ, ಮೇಜು ಉಳಿಸಿತು. ಚಿತ್ರದ ಕಿಟಕಿಯ ಗೆರೆಗಳನ್ನು ಮುಂದಕ್ಕೆಳೆದರೆ ಅವು ಹೆಂಗಸಿನ ಬಲಗೈಯ ಬಳಿ ಕೂಡುತ್ತವೆ. ಮೇಜಿನ ಅಂಚುಗಳು ಅತ್ತ ತಲೆಹಾಕುವುದೇ ಇಲ್ಲ. ಚಿತ್ರಕ್ಕೆ ಹೊಂದುವಂತೆ ಮೇಜು ಕಟ್ಟಿ, ಕ್ಯಾಮೆರಾವನ್ನು ಚಾವಣಿಗೆ ಏರಿಸಿ ನೋಡಿದೆ: ಯಾವ ಬಡಗಿಯೂ ಒಪ್ಪದಂಥ ಸೊಟ್ಟ ಮೇಜು! ಬ್ರೆಡ್ಡು, ಬುಟ್ಟಿ, ಹೂಜಿ ಎಲ್ಲ ಕಾಣಲೆಂದು ಅವನಿಗೆ ಬೇಕಾದ ಹಾಗೆ ಎಳೆದಿದ್ದಾನೆ. ಆಮೇಲೆ ನನಗೂ ಧೈರ್ಯ ಬಂತು. ತಾವೇ ಬೆಳಗುವ ಸಣ್ಣ ಗುಂಡುಗಳನ್ನು ಬ್ರೆಡ್ಡಿನ ಮೇಲೆ ಅಂಟಿಸಿದೆ. ಹತ್ತಿರದಿಂದ ನೋಡಿದರೆ ಸಬ್ಬಕ್ಕಿ. ಕ್ಯಾಮೆರಾ ಇದ್ದಲ್ಲಿಂದ ವರ್ಮೀರ್.

ಈಗ ನನಗೆ ಅತ್ಯಂತ ಪ್ರಿಯವಾದದ್ದು ವಸ್ತುಗಳ ಪಟ್ಟಿಯಲ್ಲಿರುವ ಪುಟ್ಟ ಕಣ್ಣಿನ ಗುರುತು. ಹೆಂಗಸಿನ ತಲೆಯ ಹಿಂದೆ ಮೊದಲು ಹೂಜಿಗಳನ್ನು ನೇತುಹಾಕುವ ಹಲಗೆಯೊಂದಿತ್ತು, ವರ್ಮೀರನೇ ಅದರ ಮೇಲೆ ಬಣ್ಣ ಬಳಿದು ಮುಚ್ಚಿದ ಎಂದು ಮ್ಯೂಸಿಯಂ 2022ರಲ್ಲಿ ಪ್ರಕಟಿಸಿತು. ಆ ಹಲಗೆಯನ್ನೂ ಕಟ್ಟಿ ಇಟ್ಟಿದ್ದೇನೆ. ಕಣ್ಣು ಒತ್ತಿದರೆ ಹೂಜಿಗಳ ಸಾಲು ಬಂದು ಹೆಂಗಸು ಅಡುಗೆಮನೆಯ ಸಾಮಾನುಗಳ ನಡುವೆ ಕಳೆದುಹೋಗುತ್ತಾಳೆ. ಮತ್ತೆ ಒತ್ತಿದರೆ ಬರಿಗೋಡೆ, ಅವಳೊಬ್ಬಳೇ.

ಕೊಳ್ಳುವ ಪ್ರಶ್ನೆ ಇಲ್ಲದ್ದರಿಂದ ಸಲಹೆಯೂ ಚಿಕ್ಕದು. ಮೊದಲೇ ದುಬಾರಿ ಗ್ರಾಫಿಕ್ಸ್ ಕಾರ್ಡಿಗೆ ಕೈಹಾಕಬೇಡಿ. ಒಂದು ಕಿಟಕಿ, ಒಂದು ಗೋಡೆ ಇರುವ ಚಿತ್ರದಿಂದ ಶುರುಮಾಡಿ. ವ್ಯಾನ್ ಗೋನ ಮಲಗುವ ಕೋಣೆ ಸುಲಭವೆಂದು ಮೋಸ ಹೋಗಬೇಡಿ. ನೆರಳುಗಳನ್ನೆಲ್ಲ ಕೈಬಿಟ್ಟಿದ್ದೇನೆ ಎಂದು 1888ರಲ್ಲಿ ಅವನೇ ತಮ್ಮನಿಗೆ ಬರೆದಿದ್ದ, ಸೈಕಲ್ಸ್‌ಗೆ ಅಲ್ಲಿ ಕೆಲಸವೇ ಇಲ್ಲ. ಗೋಡೆಯಲ್ಲಿ ಮೊಳೆ ಇದ್ದರೆ ಡಿನಾಯ್ಸರ್ ನಿಲ್ಲಿಸಿ, ಸ್ಯಾಂಪಲ್ (ಚಿತ್ರದ ಒಂದೊಂದು ಬಿಂದುವಿಗೂ ಲೆಕ್ಕ ಹಾಕುವ ಕಿರಣಗಳ ಸಂಖ್ಯೆ) ಹೆಚ್ಚಿಸಿ, ಮಲಗಿಬಿಡಿ.