ಅನಾಟಮಿ ಆಫ್ ಎ ಮರ್ಡರ್ (1959): ಕಕ್ಷಿದಾರನಿಗೆ ಸುಳ್ಳು ಹೇಳಿಕೊಡದೇ ಸುಳ್ಳು ಕಲಿಸೋ ವಕೀಲ

ಕೋರ್ಟ್ ಸಿನಿಮಾ ಅಂದ್ರೆ ವಕೀಲ ಟೇಬಲ್ ಗುದ್ದಿ ಡೈಲಾಗ್ ಹೊಡೀಬೇಕು, ಸಾಕ್ಷಿ ಕಟಕಟೇಲೇ ಅತ್ತು ಎಲ್ಲಾ ಒಪ್ಕೋಬೇಕು, ಕೊನೇಲಿ ಸತ್ಯ ಗೆಲ್ಲಬೇಕು ಅನ್ನೋದು ನಮಗೆ ರೂಢಿ ಆಗ್ಬಿಟ್ಟಿದೆ. ಆಟೋ ಪ್ರೆಮಿಂಜರ್ ಮಾಡಿರೋ ಈ ಸಿನಿಮಾದಲ್ಲಿ ಅದ್ಯಾವುದೂ ಸಿಗಲ್ಲ. 160 ನಿಮಿಷ, ಕಪ್ಪು ಬಿಳುಪು, ಒಂದೇ ಒಂದು ಫ್ಲ್ಯಾಶ್‌ಬ್ಯಾಕ್ ಇಲ್ಲ. ಕೊಲೆ ಹೇಗಾಯ್ತು ಅಂತ ನಾವು ನೋಡೋದೇ ಇಲ್ಲ, ಜ್ಯೂರಿಗೆ (ತೀರ್ಪು ಹೇಳೋಕೆ ಕೋರ್ಟಲ್ಲಿ ಕೂರೋ ಸಾಮಾನ್ಯ ಜನರಿಗೆ) ಎಷ್ಟು ಗೊತ್ತೋ ನಮಗೂ ಅಷ್ಟೇ.

ಕಥೆ ಅಮೆರಿಕದ ಮಿಶಿಗನ್ ರಾಜ್ಯದ ಉತ್ತರದ ತುದೀದು. ಸೈನ್ಯದ ಲೆಫ್ಟಿನೆಂಟ್ ಮ್ಯಾನಿಯನ್ ಒಂದು ರಾತ್ರಿ ಬಾರ್‌ಗೆ ಹೋಗಿ ಅದರ ಓನರ್ ಮೇಲೆ ಐದು ಗುಂಡು ಹಾರಿಸ್ತಾನೆ, ತನ್ನ ಹೆಂಡ್ತಿ ಲಾರಾ ಮೇಲೆ ಅವನು ಅತ್ಯಾಚಾರ ಮಾಡಿದ ಅನ್ನೋದು ಕಾರಣ. ಗುಂಡು ಹೊಡೆದಿದ್ದು ಅವನೇ ಅನ್ನೋದ್ರಲ್ಲಿ ಯಾರಿಗೂ ಡೌಟಿಲ್ಲ. ಈ ಕೇಸ್ ಬರೋದು ಪಾಲ್ ಬೀಗ್ಲರ್ ಹತ್ರ (ಜೇಮ್ಸ್ ಸ್ಟೂವರ್ಟ್). ಹಿಂದೆ ಅದೇ ಊರಲ್ಲಿ ಪ್ರಾಸಿಕ್ಯೂಟರ್ (ಸರ್ಕಾರದ ಪರ ವಕೀಲ) ಆಗಿದ್ದು ಆ ಹುದ್ದೆಯ ಎಲೆಕ್ಷನ್‌ನಲ್ಲಿ ಸೋತು ಈಗ ಮೀನು ಹಿಡ್ಕೊಂಡು, ಪಿಯಾನೋದಲ್ಲಿ ಜಾಝ್ ನುಡಿಸ್ಕೊಂಡು ಕೂತಿರೋ ವಕೀಲ, ಸೆಕ್ರೆಟರಿಗೆ ಸಂಬಳ ಕೊಡೋಕೂ ಕಾಸಿಲ್ಲ.

ಜೈಲಲ್ಲಿ ಅವನು ಕಕ್ಷಿದಾರನ ಜೊತೆ ಮಾತಾಡೋ ಒಂದು ಸೀನ್‌ಗೋಸ್ಕರನೇ ಈ ಸಿನಿಮಾ ನೋಡ್ಬೇಕು. ಕೊಲೆ ಕೇಸಲ್ಲಿ ವಾದ ಮಾಡೋಕೆ ನಾಲ್ಕು ದಾರಿ ಇದೆ ಅಂತ ಬೀಗ್ಲರ್ ಪಾಠದ ಥರ ಹೇಳ್ತಾನೆ: ಅದು ಕೊಲೆನೇ ಅಲ್ಲ, ನೀನು ಮಾಡಿಲ್ಲ, ಮಾಡಿದ್ದು ಕಾನೂನಿನ ಪ್ರಕಾರ ಸರಿ, ಇಲ್ಲಾಂದ್ರೆ ಅದಕ್ಕೆ ಕ್ಷಮೆ ಇದೆ. ಮೊದಲಿನ ಮೂರನ್ನೂ ಒಂದೊಂದಾಗಿ ಹೊಡೆದು ಹಾಕ್ತಾನೆ, ನಾಲ್ಕನೇದು ಏನು ಅಂತ ಮಾತ್ರ ಬಾಯಿ ಬಿಟ್ಟು ಹೇಳಲ್ಲ. ಮ್ಯಾನಿಯನ್ ತಡಕಾಡಿ ತಡಕಾಡಿ ಕೊನೆಗೆ ನನಗೆ ಆಗ ಹುಚ್ಚು ಹಿಡಿದಿತ್ತೇನೋ ಅನ್ನೋ ಜಾಗಕ್ಕೆ ತಾನೇ ಬಂದು ನಿಲ್ತಾನೆ. ಎಷ್ಟು ಹುಚ್ಚು ಹಿಡಿದಿತ್ತು ಅಂತ ನೆನಪು ಮಾಡ್ಕೋ ಅಂತ ಹೇಳಿ ವಕೀಲ ಎದ್ದು ಹೊರಡ್ತಾನೆ. ಯಾವ ನಿಯಮಾನೂ ಮುರಿದಿಲ್ಲ, ಆದ್ರೂ ನೋಡ್ತಿರೋ ನಮಗೆ ಮೈಯೆಲ್ಲಾ ಒಂಥರಾ ಆಗುತ್ತೆ, ಯಾಕಂದ್ರೆ ಇಲ್ಲಿಂದ ಮುಂದೆ ಮ್ಯಾನಿಯನ್ ಹೇಳೋ ಒಂದು ಮಾತನ್ನೂ ಪೂರ್ತಿ ನಂಬೋಕಾಗಲ್ಲ, ಅಷ್ಟಾದ್ರೂ ನಾವು ಬೀಗ್ಲರ್ ಗೆಲ್ಲಲಿ ಅಂತಾನೇ ಕಾಯ್ತಿರ್ತೀವಿ.

ಕೋರ್ಟಲ್ಲೂ ಅವನು ಹಾಗೇ. ಕೇಳಬಾರದ ಪ್ರಶ್ನೆ ಬೇಕು ಅಂತಾನೇ ಕೇಳ್ತಾನೆ, ಜಡ್ಜ್ ಅದನ್ನ ಲೆಕ್ಕಕ್ಕೆ ತಗೋಬೇಡಿ ಅಂತ ಜ್ಯೂರಿಗೆ ಹೇಳ್ತಾರೆ, ಕಿವಿಗೆ ಬಿದ್ದಿದ್ದು ಬಿದ್ದಾಯ್ತು ಅಂತ ಅವನಿಗೆ ಚೆನ್ನಾಗಿ ಗೊತ್ತು. ಲಾರಾಗೆ ಟೋಪಿ ಕನ್ನಡಕ ಹಾಕ್ಸಿ ಸಾಧ್ವಿ ಥರ ಕೂರಿಸ್ತಾನೆ, ಆಮೇಲೆ ತನಗೆ ಬೇಕಾದಾಗ ಎಲ್ಲರ ಮುಂದೇನೇ ಅದನ್ನ ತೆಗೆಸ್ತಾನೆ. ಎದುರು ಪಾರ್ಟಿಯ ವಕೀಲ, ಡ್ಯಾನ್ಸರ್ ಅನ್ನೋ ಹೆಸರಿನವನು (ಜಾರ್ಜ್ ಸಿ. ಸ್ಕಾಟ್), ಇನ್ನೂ ತಣ್ಣಗಿನ ಆಸಾಮಿ, ಬೀಗ್ಲರ್‌ಗೆ ಸಾಕ್ಷಿಯ ಮುಖ ಕಾಣದ ಹಾಗೆ ಮಧ್ಯೆ ಅಡ್ಡ ನಿಂತು ಪ್ರಶ್ನೆ ಕೇಳ್ತಾನೆ.

ಇಷ್ಟು ನಿಜ ಅನ್ಸೋಕೆ ಕಾರಣಾನೂ ಇದೆ. ಮೂಲ ಕಾದಂಬರಿ ಬರೆದ ರಾಬರ್ಟ್ ಟ್ರೇವರ್ ನಿಜ ಹೆಸರು ಜಾನ್ ವೋಲ್ಕರ್, ಮಿಶಿಗನ್ ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದೋರು. ಈ ಕಥೆಗೆ ಆಧಾರವಾದ, 1952ರಲ್ಲಿ ನಡೆದ ಒಂದು ಕೊಲೆ ಕೇಸಲ್ಲಿ, ಜಡ್ಜ್ ಆಗೋಕೆ ಮುಂಚೆ, ಆರೋಪಿ ಪರ ವಾದಿಸಿದ್ದು ಅವರೇ. ಶೂಟಿಂಗ್ ಮಿಶಿಗನ್‌ನ ಮಾರ್ಕ್ವೆಟ್ ಊರಿನ ಅಸಲಿ ಕೋರ್ಟಲ್ಲೇ ಆಗಿದ್ದು. ಜಡ್ಜ್ ಪಾತ್ರ ಮಾಡಿರೋ ಜೋಸೆಫ್ ವೆಲ್ಚ್ ನಟನೇ ಅಲ್ಲ, 1954ರಲ್ಲಿ ಅಮೆರಿಕದ ಸೆನೆಟರ್ ಮೆಕಾರ್ಥಿಗೂ ಸೈನ್ಯಕ್ಕೂ ನಡೆದ ಜಗಳದ ವಿಚಾರಣೇಲಿ ಸೈನ್ಯದ ಪರ ನಿಂತ ವಕೀಲರು. ಅವರು ಸುಮ್ನೆ ಕೂತು ಕೇಳಿಸ್ಕೊಳ್ಳೋ ರೀತಿನೇ ಒಂದು ಪಾಠ. ಡ್ಯೂಕ್ ಎಲಿಂಗ್ಟನ್ ಸಂಗೀತದ ಬಗ್ಗೆ ಬೇರೆ ಹೇಳೋದೇ ಬೇಡ.

ನಮ್ಮವರಿಗೆ ಇನ್ನೊಂದು ವಿಷ್ಯ ತಟ್ಟುತ್ತೆ. ಅದೇ 1959ರ ಏಪ್ರಿಲ್‌ನಲ್ಲಿ ಬಾಂಬೇಲಿ ನಾನಾವತಿ ಕೇಸ್ ಆಯ್ತಲ್ಲ, ನೌಕಾಪಡೆಯ ಆಫೀಸರ್ ಹೆಂಡ್ತಿಯ ಪ್ರೇಮಿಗೆ ಗುಂಡು ಹೊಡೆದಿದ್ದು. ಜ್ಯೂರಿ 8-1ರಲ್ಲಿ ಅವನು ತಪ್ಪಿತಸ್ಥ ಅಲ್ಲ ಅಂತು, ಹೈಕೋರ್ಟ್ ಒಪ್ಪದೆ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡೀತು. ಹೆಂಡ್ತಿ ಹೇಳಿದ್ದಕ್ಕೂ ಗುಂಡು ಹೊಡೆದಿದ್ದಕ್ಕೂ ನಡುವೆ ಕೋಪ ಇಳಿಯೋಕೆ ಬೇಕಾದಷ್ಟು ಟೈಮ್ ಇತ್ತು ಅನ್ನೋದು ಅಲ್ಲಿ ಮುಖ್ಯ ಆಯ್ತು. ಮ್ಯಾನಿಯನ್‌ಗೂ ಅದೇ ತೊಂದರೆ, ಅದಕ್ಕೇ ಬೀಗ್ಲರ್ ಮತ್ತವನ ಕುಡುಕ ಗೆಳೆಯ ಪಾರ್ನೆಲ್ ಲೈಬ್ರರಿಲಿ ಕೂತು 1886ರ ಹಳೇ ಮಿಶಿಗನ್ ತೀರ್ಪು ಹುಡುಕಿ ತೆಗೀತಾರೆ, ತಡೆಯಲಾಗದ ಆವೇಶಾನೂ ಬುದ್ಧಿಭ್ರಮಣೆ ಲೆಕ್ಕಕ್ಕೇ ಬರುತ್ತೆ ಅನ್ನೋ ತೀರ್ಪು. ನಮ್ಮ ಹಳೇ ಐಪಿಸಿ 84ನೇ ಸೆಕ್ಷನ್ ಪ್ರಕಾರ ಇದು ನಡೆಯಲ್ಲ. ಏನು ಮಾಡ್ತಿದೀನಿ, ಅದು ತಪ್ಪು ಅಂತ ಗೊತ್ತಿದ್ರೆ ಆವೇಶ ಬಂತು ಅನ್ನೋದಷ್ಟೇ ಸಾಕಾಗಲ್ಲ.

ಬೇಜಾರಾಗಿದ್ದು ಲಾರಾ ವಿಷಯದಲ್ಲಿ. ಲೀ ರೆಮಿಕ್ ತುಂಬಾ ಚೆನ್ನಾಗಿ ಮಾಡಿದಾರೆ, ಆದ್ರೆ ಎರಡೂ ಕಡೆ ವಕೀಲರು ಅವಳ ಬಟ್ಟೆ, ಕುಡಿತ, ನಗು ಎಲ್ಲಾನೂ ಜಾಲಾಡೋವಾಗ ಸಿನಿಮಾ ಕೂಡ ಎಷ್ಟೋ ಸಲ ಅವರ ಕಣ್ಣಲ್ಲೇ ಅವಳನ್ನ ನೋಡುತ್ತೆ. ಅವಳಿಗೆ ಆಗಿದ್ದು ಗಂಡನ ಕೇಸಿಗೆ ಒಂದು ಪುರಾವೆ ಆಗಿ ಉಳಿಯುತ್ತೇ ಹೊರತು ಅವಳ ನೋವಿಗೆ ಅಂತ ಒಂದು ಸೀನ್ ಕೂಡ ಇಲ್ಲ. ಅತ್ಯಾಚಾರದ ಮಾತು ಮುಚ್ಚುಮರೆ ಇಲ್ಲದೆ ಬರುತ್ತೆ, ಆ ಕಾರಣಕ್ಕೇ ಶಿಕಾಗೋದಲ್ಲಿ ಆಗ ತಡೆ ಹಾಕಿದ್ರು, ಹಾಗಾಗಿ ಮಕ್ಕಳ ಜೊತೆ ಬೇಡ.

ತೀರ್ಪು ಏನಾಯ್ತು ಅಂತ ಇಲ್ಲಿ ಹೇಳಲ್ಲ. ಕಾನೂನು ಓದ್ತಿರೋರಂತೂ ಜೈಲಿನ ಸೀನನ್ನ ಎರಡು ಸಲ ನೋಡಿ, ಎರಡನೇ ಸಲ ವಕೀಲನ್ನ ಬಿಟ್ಟು ಮ್ಯಾನಿಯನ್ ಮುಖಾನೇ ನೋಡಿ.